ಸಮೀಕರಣದೊಳಗಿನ ಅಂತರ ಮತ್ತು ಕನ್ನಡದ ಒತ್ತಕ್ಷರ

ವಿಜಯಪುರದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು ಹತ್ತನೆಯ ತರಗತಿಯ ಮಕ್ಕಳಿಗಾಗಿ ಪ್ರತಿವರ್ಷ ಒಂದು ಅಭ್ಯಾಸ ಪುಸ್ತಿಕೆಯನ್ನು ಸಿದ್ಧಪಡಿಸುತ್ತೇನೆ. ಮೊದಲ ಎರಡು ವರ್ಷ ಅದನ್ನು ಡಿಟಿಪಿ ಅಂಗಡಿಯೊಂದರಲ್ಲಿ ಮಾಡಿಸಿದೆ. ಅಲ್ಲಿನ ಹುಡುಗ ಟೈಪಿಂಗಿನಲ್ಲಿ ಬಲು ಚುರುಕು. ಆದರೆ ಪ್ರತಿಯೊಂದು ಚಿಹ್ನೆಯ ಎರಡೂ ಬದಿಗೆ ಸ್ಪೇಸ್‌ಬಾರ್ ಒತ್ತುವುದು ಅವನಿಗೆ ರೂಢಿಯಾಗಿತ್ತು. ಹೀಗಾಗಿ ಋಣ ಮೂರು ಎಂದು ಓದಬೇಕಾದದ್ದು "− 3" ಎಂದು ಅಚ್ಚಾಯಿತು. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಇದನ್ನ ಯಾವುದರಾಗಿಂದ ಕಳೀಬೇಕ್ರೀ?" ಎಂದು ಕೇಳಿದಳು. ತಪ್ಪು ಅವಳದಲ್ಲ, ಆ ಬಿಡುವಿನದು. ಮರುವರ್ಷ ನಾನೇ ಲೇಟೆಕ್ ಎಂಬ, ಗಣಿತವನ್ನು ಅಚ್ಚಿಗೆ ಜೋಡಿಸುವ ತಂತ್ರಾಂಶವನ್ನು ಕಲಿಯಲು ಕುಳಿತೆ.

ಲೇಟೆಕ್‌ಗೆ ಬುನಾದಿಯಾದ ಟೆಕ್ ತಂತ್ರಾಂಶವನ್ನು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ರೂಪಿಸಲು ಹೊರಟದ್ದು, 1977ರಲ್ಲಿ ತಮ್ಮದೇ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚನ್ನು ಕಂಡು ಬೇಸರಗೊಂಡ ಮೇಲೆ. ಟೆಕ್‌ನ ಗಣಿತ ಭಾಗದಲ್ಲಿ ಸ್ಪೇಸ್‌ಬಾರ್‌ಗೆ ಬೆಲೆಯೇ ಇಲ್ಲ. ಹತ್ತು ಸಲ ಒತ್ತಿದರೂ ಅಚ್ಚಿನಲ್ಲಿ ಏನೂ ಬದಲಾಗುವುದಿಲ್ಲ. ಅಂತರವನ್ನು ನಿರ್ಧರಿಸುವುದು ಚಿಹ್ನೆಯ ವರ್ಗ. ಅಕ್ಷರದ ಗಾತ್ರಕ್ಕೆ ತಕ್ಕಂತೆ ಬದಲಾಗುವ ಎಮ್ ಎಂಬ ಅಳತೆಯನ್ನು 18 ಪಾಲು ಮಾಡಿ, ಒಂದು ಪಾಲಿಗೆ ಮ್ಯೂ ಎಂದು ಹೆಸರಿಟ್ಟಿದ್ದಾರೆ. ಅಲ್ಪವಿರಾಮದ ನಂತರ 3 ಮ್ಯೂ, ಎರಡು ಪದಗಳ ನಡುವಿನ + ಅಥವಾ − ಚಿಹ್ನೆಯ ಅಕ್ಕಪಕ್ಕ 4 ಮ್ಯೂ, = ಚಿಹ್ನೆಯ ಅಕ್ಕಪಕ್ಕ 5 ಮ್ಯೂ ಬರುತ್ತವೆ; ಕೊನೆಯ ಎರಡು ಅಂತರಗಳು ಅಗತ್ಯಕ್ಕೆ ತಕ್ಕಂತೆ ಸ್ವಲ್ಪ ಹಿಗ್ಗಲೂ ಬಲ್ಲವು. ಅದೇ − ಚಿಹ್ನೆಯು ಸಮೀಕರಣದ ಆರಂಭದಲ್ಲಾಗಲಿ, = ಚಿಹ್ನೆಯ ನಂತರವಾಗಲಿ, ತೆರೆದ ಆವರಣದ ಪಕ್ಕದಲ್ಲಾಗಲಿ ಬಂದರೆ, ತನ್ನ ಎಡಕ್ಕೆ ಕಳೆಯಬಹುದಾದ ಪದವಿಲ್ಲವೆಂದು ತಂತ್ರಾಂಶ ತಾನೇ ಅರಿತು ಅದನ್ನು ಸಾಮಾನ್ಯ ಅಕ್ಷರದಂತೆ ಮೂರಕ್ಕೆ ಅಂಟಿಸಿಬಿಡುತ್ತದೆ. ನಮ್ಮ ಹುಡುಗಿಯ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ.

ಕೈಯಾರೆ ಅಂತರ ಕೊಡಬೇಕಾದ ಸಂದರ್ಭಗಳು ನಮ್ಮ ಮಟ್ಟದ ಗಣಿತದಲ್ಲಿ ಬಹಳ ಕಡಿಮೆ. ಸಂಖ್ಯೆ ಮತ್ತು ಮಾನದ ನಡುವೆ, ಅಂದರೆ 7 ಮತ್ತು ಸೆಂ.ಮೀ. ನಡುವೆ, ಬ್ಯಾಕ್‌ಸ್ಲ್ಯಾಶ್ ಹಾಗೂ ಅಲ್ಪವಿರಾಮವನ್ನು ಒಟ್ಟಿಗೆ ಬರೆದು 3 ಮ್ಯೂ ಬಿಡುತ್ತೇನೆ. "ಆದ್ದರಿಂದ" ಎಂಬಂಥ ಮಾತು ಎರಡು ಸಮೀಕರಣಗಳ ನಡುವೆ ಬಂದರೆ ಎರಡೂ ಬದಿಗೆ ಕ್ವಾಡ್ ಆದೇಶದಿಂದ ಒಂದು ಎಮ್ ಬಿಡುತ್ತೇನೆ. ಅಷ್ಟೇ.

ಸಮೀಕರಣಗಳನ್ನು ಒಂದರ ಕೆಳಗೊಂದು ಹೊಂದಿಸುವ ವಿಷಯದಲ್ಲಿ ನಾನು ಹೆಚ್ಚು ಎಡವಿದೆ. ಹಳೆಯ ಟಿಪ್ಪಣಿಯೊಂದನ್ನು ನೋಡಿ ಈಕ್ವೇಶನ್‌ ಅರೇ ಎಂಬ ಪರಿಸರವನ್ನು (ಸಮೀಕರಣಗಳನ್ನು ಜೋಡಿಸಲು ಲೇಟೆಕ್‌ನಲ್ಲಿರುವ ಚೌಕಟ್ಟನ್ನು) ಬಳಸಿದಾಗ = ಚಿಹ್ನೆಯ ಎರಡೂ ಕಡೆ ಅನಗತ್ಯವಾದ ಅಂತರ ಕಾಣಿಸಿತು; ಅದು ಪಟ್ಟಿಯ ಕಾಲಮ್ಮುಗಳ ನಡುವಿನ ಅಂತರ, ಗಣಿತದ್ದಲ್ಲ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಎಎಂಎಸ್‌ಮ್ಯಾತ್ ಪ್ಯಾಕೇಜಿನ ಅಲೈನ್ ಪರಿಸರದಲ್ಲಿ ಈ ದೋಷವಿಲ್ಲ. ಆದರೆ ಅಲ್ಲಿಯೂ ಕಾಲಮ್ಮುಗಳನ್ನು ಬೇರ್ಪಡಿಸುವ & ಗುರುತನ್ನು = ಚಿಹ್ನೆಗಿಂತ ಮೊದಲೇ ಹಾಕಬೇಕು. ನಂತರ ಹಾಕಿದರೆ ಚಿಹ್ನೆ ಒಂದು ಕಾಲಮ್ಮಿನಲ್ಲಿ, ಬಲಭಾಗದ ಪದ ಇನ್ನೊಂದರಲ್ಲಿ ಉಳಿದು, ಅವೆರಡರ ನಡುವಿನ 5 ಮ್ಯೂ ಮಾಯವಾಗುತ್ತದೆ.

ಎರಡು ಚರಾಕ್ಷರಗಳ ಸಮೀಕರಣಗಳನ್ನು ವರ್ಜಿಸುವ ವಿಧಾನದಿಂದ ಬಿಡಿಸುವಾಗ ಇಷ್ಟು ಸಾಲದು. ಎಕ್ಸ್ ಕೆಳಗೆ ಎಕ್ಸ್, ವೈ ಕೆಳಗೆ ವೈ ಬರಬೇಕು. ಇದಕ್ಕೆ ಅಲೈನ್‌ಆ್ಯಟ್ ಎಂಬ ಪರಿಸರವಿದೆ. ನಮ್ಮ ಕಡೆ ಹಿಂಗಾರಿ ಜೋಳ ಬಿತ್ತುವ ರೈತ ಪ್ರತಿ ಸಾಲನ್ನೂ ಅಳೆಯುತ್ತ ಕೂಡುವುದಿಲ್ಲ, ಕೂರಿಗೆಯ ತಾಳುಗಳು ಎಷ್ಟು ದೂರವಿವೆಯೋ ಸಾಲುಗಳೂ ಅಷ್ಟೇ ದೂರ ಬೀಳುತ್ತವೆ; & ಗುರುತುಗಳನ್ನು ನಾನು ಹಾಗೆಯೇ ಭಾವಿಸಿಕೊಂಡಿದ್ದೇನೆ. ಒಂದು ಸಮೀಕರಣದಲ್ಲಿ ವೈ ಪದವೇ ಇಲ್ಲದಿದ್ದರೂ ಅದರ ಪಾಲಿನ & ಗುರುತುಗಳನ್ನು ಖಾಲಿಯಾಗಿಯೇ ಬರೆಯಬೇಕು.

ಕನ್ನಡಕ್ಕೇ ವಿಶಿಷ್ಟವಾದ ತೊಂದರೆ ಕಾಣಿಸಿಕೊಂಡದ್ದು ಇವೆಲ್ಲ ಸರಿಯಾದ ಮೇಲೆ. ಸಮೀಕರಣದ ಮೇಲಿರುವ ಗದ್ಯದ ಸಾಲು ಚಿಕ್ಕದಾಗಿ, ಸಮೀಕರಣ ಆರಂಭವಾಗುವ ಜಾಗದವರೆಗೂ ತಲುಪದಿದ್ದರೆ, ಟೆಕ್ ನಡುವೆ ಕಡಿಮೆ ಅಂತರ ಬಿಡುತ್ತದೆ: 10 ಪಾಯಿಂಟ್ ಅಕ್ಷರದ ಲೇಖನದಲ್ಲಿ ಸಾಮಾನ್ಯವಾಗಿ ಬಿಡುವ 10 ಪಾಯಿಂಟಿನ ಬದಲು ಸೊನ್ನೆ, ಹಿಗ್ಗಿದರೆ ಸುಮಾರು 3. ಇಂಗ್ಲಿಷಿನಲ್ಲಿ ಇದು ಅಂದವಾಗಿಯೇ ಕಾಣುತ್ತದೆ. ಆದರೆ "ಬೆಲೆಯನ್ನು ಆದೇಶಿಸಿದಾಗ" ಎಂಬ ಸಾಲಿನ ಕೆಳಗೆ ಭಿನ್ನರಾಶಿ ಬಂದರೆ, ಎರಡೂ ಪಕ್ಕಪಕ್ಕದಲ್ಲಿರದಿದ್ದರೂ, ಇಳಿಬಿದ್ದ ನಕಾರದ ಒತ್ತು ಮತ್ತು ಭಿನ್ನರಾಶಿಯ ಅಂಶ ಒಂದೇ ಸಾಲಿಗೆ ಇಕ್ಕಟ್ಟಾಗಿ ಕೂತಂತೆ ತೋರುತ್ತವೆ. ಸಮೀಕರಣದ ಮೊದಲು ಖಾಲಿ ಸಾಲು ಬಿಟ್ಟು ನೋಡಿದೆ. ತಂತ್ರಾಂಶ ಅದನ್ನು ಹೊಸ ಪ್ಯಾರಾ ಎಂದು ತಿಳಿದು ಅತಿಯಾದ ಬಯಲನ್ನೇ ತೆರೆಯಿತು. ಕೊನೆಗೆ ಕಡತದ ಆರಂಭದಲ್ಲಿಯೇ ಆ ಚಿಕ್ಕ ಅಂತರವನ್ನು 8 ಪಾಯಿಂಟ್ ಎಂದು ಗೊತ್ತುಪಡಿಸಿದೆ. ಪುಸ್ತಿಕೆ ಎರಡು ಪುಟ ಬೆಳೆಯಿತು. ಆ ಒಂದು ಹಾಳೆಯ ಖರ್ಚನ್ನು ನಾನೇ ಕೊಟ್ಟೆ.