ಸೆನ್ಸರ್ ಮೇಲಿನ ಸೇವಂತಿಗೆ

ವಿಜಯದಶಮಿಯ ಬೆಳಗ್ಗೆ ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟಾಗ ಕಾರಿನೊಳಗೆ ಹಿಂದಿನ ದಿನದ ಆಯುಧಪೂಜೆಯ ವಾಸನೆ ಇನ್ನೂ ಹೋಗಿರಲಿಲ್ಲ. ಬಾನೆಟ್ ಮೇಲೆ ಸೇವಂತಿಗೆ ಹಾರ, ಬಂಪರಿಗೆ ಬಾಡಿದ ಬಾಳೆಕಂದು. ಪಕ್ಕದ ಸೀಟಿನಲ್ಲಿ ದೊಡ್ಡಮ್ಮ, ಹಿಂದೆ ಹೆಂಡತಿ, ಮಗಳು. ಕಾರು ಮನೆಗೆ ಬಂದು ಎರಡು ತಿಂಗಳಾಗಿತ್ತು ಅಷ್ಟೆ.

ಆಲ್ದೂರು ಮುಟ್ಟುವ ಮೊದಲೇ ಎದುರಿಗೆ ಬಂದ ಮೂವರು ಕೈ ಹೊರಗೆ ಹಾಕಿ ಬೆರಳು ಮುಚ್ಚಿ ಬಿಚ್ಚಿ ಮಾಡಿದರು. ಲೈಟ್ ಉರೀತಿದೆ ಅಂತ. ಬೈಕಿನವರಿಗೆ ಈ ಸನ್ನೆ ಮಾಡುವುದನ್ನು ಜನ ಹೆಚ್ಚುಕಡಿಮೆ ಬಿಟ್ಟಿದ್ದಾರೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಇಂಜಿನ್ ಜೊತೆಗೇ ಹೆಡ್‌ಲೈಟ್ ಉರಿಯುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಕಾರಿನವರ ಮೇಲೆ ಮಾತ್ರ ಈ ಕಾಳಜಿ ಉಳಿದುಕೊಂಡಿದೆ. ನೋಡಿದರೆ ನಿಜ, ಒಳಗೆ ಹಸಿರು ಗುರುತು ಹೊತ್ತಿತ್ತು. ಮೀಟರ್ ಮಂಕಾಗಿತ್ತು, ಮ್ಯಾಪ್ ತೋರಿಸುವ ಪರದೆ ರಾತ್ರಿಯ ಕಪ್ಪು ಬಣ್ಣಕ್ಕೆ ತಿರುಗಿತ್ತು. ಹೊರಗೆ ಕಾಫಿ ಗಿಡದ ಮೇಲೆ ಬಿಸಿಲು ಚೆಲ್ಲಿತ್ತು. ಸ್ವಿಚ್ ಆಟೋದಲ್ಲೇ ಇತ್ತು, ಅಂದರೆ ಕತ್ತಲಾದರೆ ಮಾತ್ರ ಲೈಟ್ ತಾನೇ ಹೊತ್ತಬೇಕು.

ಆಫ್ ಮಾಡಿದರೆ ಮುಗಿಯುತ್ತಿತ್ತು. ಆದರೆ ಹೊಸ ಕಾರು ನೋಡಿ, ಸಣ್ಣದೊಂದು ಸದ್ದಾದರೂ ಎದೆ ಧಸಕ್ ಅನ್ನುವ ಕಾಲ. ಮೂಡಿಗೆರೆಯಲ್ಲಿ ಪರಿಚಯದ ಬ್ಯಾಟರಿ ಅಂಗಡಿಯವರು ಅರ್ಧ ಶಟರ್ ಎತ್ತಿ, ಪೂಜೆಯ ಎಲೆ ಗುಡಿಸುತ್ತಿದ್ದರು. ಹಬ್ಬದ ದಿನ ಕೇಳುವುದು ಹೇಗೆ ಎಂದು ಅಳುಕುತ್ತಲೇ ನಿಲ್ಲಿಸಿದೆ.

ಅವರು ಬಾನೆಟ್ ಎತ್ತುತ್ತಾರೆ ಎಂದುಕೊಂಡಿದ್ದೆ. ಎತ್ತಲಿಲ್ಲ. ಹೊರಗಿನಿಂದಲೇ ಗಾಜಿನ ಬುಡವನ್ನು ಬಗ್ಗಿ ನೋಡಿ, "ಸಾರ್, ಈ ಹೂ ಇಟ್ಟಿದ್ಯಾರು?" ಅಂದರು.

ದೊಡ್ಡಮ್ಮ ಸೀಟಿನಲ್ಲೇ ನೆಟ್ಟಗಾದರು. "ನಾನೇ ಇಟ್ಟಿದ್ದು. ಯಾಕಪ್ಪ?"

ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜು ಬಂದು ಕೂರುವ ಜಾಗದಲ್ಲಿ, ಅರ್ಧ ಗೋಲಿ ಹುಗಿದಿಟ್ಟಂಥ ಕಪ್ಪು ಉಬ್ಬೊಂದಿದೆ. ಎರಡು ತಿಂಗಳಿಂದ ನೋಡುತ್ತಿದ್ದರೂ ಅದು ಏನು ಎಂದು ನಾನು ಕೇಳಿಕೊಂಡಿರಲಿಲ್ಲ. ದೊಡ್ಡಮ್ಮನ ಕಣ್ಣಿಗೆ ಮಾತ್ರ ಅದು ಸಾಲಿಗ್ರಾಮದ ಹಾಗೆ ಕಂಡಿತ್ತು. ಕಾರು ಮಾಡಿದವರೇ ಪೂಜೆಗೆಂದು ಜಾಗ ಬಿಟ್ಟಿದ್ದಾರೆ ಎಂದುಕೊಂಡು ಅರಿಶಿನ ಕುಂಕುಮ ಹಚ್ಚಿ, ಹಳದಿ ಸೇವಂತಿಗೆಯೊಂದನ್ನು ಕವುಚಿ ಕೂರಿಸಿದ್ದರು. ಅಷ್ಟು ಅಳತೆಗೆ ಸರಿಯಾಗಿತ್ತು ಹೂ.

ಅಂಗಡಿಯವರು ಚಪ್ಪಲಿ ಬಿಟ್ಟು ಒಳಗೆ ಕೈ ಹಾಕಿ, ಎರಡೇ ಬೆರಳಲ್ಲಿ ಹೂ ಎತ್ತಿ ದೊಡ್ಡಮ್ಮನ ಕೈಗೇ ಕೊಟ್ಟರು. ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಲೈಟ್ ತಕ್ಷಣ ಆರಲಿಲ್ಲ. ಏನೋ ಯೋಚನೆ ಮಾಡಿದ ಹಾಗೆ ಸ್ವಲ್ಪ ಹೊತ್ತು ಉರಿದು ಆಮೇಲೆ ಆರಿತು. ಅಂಗೈ ಮುಚ್ಚಿದರು, ಹೊತ್ತಿತು. ತೆಗೆದರು, ಮತ್ತೆ ಅದೇ ನಿಧಾನ.

ಆ ಕಪ್ಪು ಮುಚ್ಚಳದ ಕೆಳಗಿರುವುದು ಫೋಟೋಡಯೋಡ್, ಸಿಲಿಕಾನಿನ ಒಂದು ಚೂರು. ಬೆಳಕು ಬಿದ್ದಷ್ಟೂ ಅದರಲ್ಲಿ ಎಲ್ಲೋ ಇದೆ ಎನ್ನುವಷ್ಟು ಸಣ್ಣ ಕರೆಂಟ್ ಹುಟ್ಟುತ್ತದೆ. ಆ ಕರೆಂಟನ್ನು ಅಳೆದು, ಗೆರೆಗಿಂತ ಕೆಳಗಿಳಿಯಿತು ಎಂದು ಕಂಡರೆ ಕಾರಿನ ಕಂಪ್ಯೂಟರ್ ಲೈಟ್ ಹಾಕುತ್ತದೆ. ಗೆರೆ ಒಂದಲ್ಲ, ಎರಡು. ಹಾಕುವ ಗೆರೆ ಕೆಳಗೆ, ಆರಿಸುವ ಗೆರೆ ಮೇಲೆ. "ನಿಮ್ಮನೆ ಟ್ಯಾಂಕಿಗೆ ಆಟೋಮ್ಯಾಟಿಕ್ ಸ್ವಿಚ್ ಹಾಕ್ಸಿದೀರಲ್ಲ ಸಾರ್, ಹಂಗೇ. ನೀರು ತಳಕ್ಕೆ ಹೋದ್ರೆ ಮೋಟರ್ ಆನ್, ತುಂಬಿದ ಮೇಲೇ ಆಫ್. ಒಂದೇ ಮಟ್ಟಕ್ಕೆ ಇಟ್ರೆ ಮೋಟರ್ ಟಕ ಟಕ ಅಂತ ಸತ್ತೇ ಹೋಗುತ್ತೆ." ಅದಕ್ಕೇ ಅಲ್ಲವೇ, ಸಿಲ್ವರ್ ಓಕ್ ಮರಗಳ ನೆರಳು ಬಿಸಿಲಲ್ಲಿ ಅಷ್ಟು ಓಡಾಡಿದರೂ ಈ ಲೈಟ್ ಕಣ್ಣು ಮಿಟುಕಿಸದಿದ್ದದ್ದು. ದುಡ್ಡು ಕೊಡಲು ಹೋದರೆ, ಹೂ ತೆಗೆದದ್ದಕ್ಕೆ ದುಡ್ಡಾ ಅಂತ ನಕ್ಕರು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ದೊಡ್ಡಮ್ಮ ಮಾತಾಡಲಿಲ್ಲ. ಹೂವನ್ನು ಕರ್ಚೀಫಿನಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡಿದ್ದರು.

ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿ ಸ್ವಲ್ಪ ದೂರ ಹೋಗಿದ್ದೇವೋ ಇಲ್ಲವೋ, ಕಣಿವೆಯಿಂದ ಮಂಜು ಎದ್ದು ಬಂತು. ಈ ಕಡೆಯವರಿಗೆ ಅದೇನು ಹೊಸದಲ್ಲ. ರಸ್ತೆಯ ಬಿಳಿ ಗೆರೆ ಹಿಡಿದು ನಿಧಾನಕ್ಕೆ ಇಳಿಸಿದೆ. ಮುಂದಿನ ಮಂಜಿನಲ್ಲಿ ನಮ್ಮದೇ ಕಾರಿನ ಬೆಳಕು ತೆಳ್ಳಗೆ ಕಾಣುತ್ತಿತ್ತು. ಲೈಟ್ ತಾನೇ ಹೊತ್ತಿಕೊಂಡಿದೆ ಎಂದುಕೊಂಡೆ. ಹಸಿರು ಗುರುತು ನೋಡಲಿಲ್ಲ.

ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಎಲ್ಲರ ಹಾಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ ಇಳಿದು ಕಾಣಿಕೆ ಹಾಕಿದೆ. ತಿರುಗಿದೆ. ಕಾರಿಲ್ಲ.

ಹದಿನೈದು ಹೆಜ್ಜೆಯೂ ಇರಲಿಲ್ಲ. ಇಂಜಿನ್ ಸದ್ದು ಕೇಳುತ್ತಿದೆ, ಒಳಗೆ ಮಗಳು ನಗುವುದೂ ಕೇಳುತ್ತಿದೆ, ಕಾರು ಮಾತ್ರ ಇಲ್ಲ. ಬಿಳಿ ಕಾರು, ಬಿಳಿ ಮಂಜು. ಹಿಂದೆ ಒಂದು ಕೆಂಪು ಚುಕ್ಕಿಯೂ ಉರಿಯುತ್ತಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಬಂದ ಕೆಂಪು ಬಸ್ಸು ಬ್ರೇಕ್ ಹಾಕಿ ಪಕ್ಕಕ್ಕೆ ತಿರುಗಿಸಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಲೈಟ್ ಹಾಕ್ಕೊಳ್ರೀ! ಹಿಂದಿನಿಂದ ಏನೂ ಕಾಣಲ್ಲ" ಎಂದು ಬೈದು ಹೋದರು. ನನ್ನ ಕಾಲು ನಡುಗುತ್ತಿತ್ತು.

ಮುಂದೆ ಉರಿಯುತ್ತಿದ್ದದ್ದು ಹಗಲು ದೀಪ, ಹೆಡ್‌ಲೈಟಿನ ಪಕ್ಕದ ಆ ಬಿಳಿ ಪಟ್ಟಿ. ನಮ್ಮ ಕಾರಿನಲ್ಲಿ ಅದು ಹೊತ್ತಿದಾಗ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲ. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಇದು ತಿಳಿಯುವುದೇ ಇಲ್ಲ. ಇನ್ನು ಆ ಕಪ್ಪು ಗೋಲಿಯ ತಪ್ಪೇನೂ ಇಲ್ಲ. ಬೀಳುವ ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಆದರೆ, ಸೂರ್ಯ ಮುಳುಗುವ ಹೊತ್ತಿಗೆ ಉಳಿಯುವುದು ಕೆಲವು ನೂರು. ಹಗಲಿನ ಮಂಜು ಕತ್ತಲೆಯಲ್ಲ. ನೀರಿನ ಹನಿಗಳು ಬಿಸಿಲನ್ನು ನುಂಗುವುದಿಲ್ಲ, ಎಲ್ಲ ದಿಕ್ಕಿಗೂ ಚೆಲ್ಲುತ್ತವೆ. ಗಾಜಿನಾಚೆ ಆಕಾಶ ನೋಡುತ್ತ ಕೂತ ಸೆನ್ಸರಿಗೆ ಸಾವಿರಗಟ್ಟಲೆ ಲಕ್ಸ್ ಸಿಗುತ್ತಲೇ ಇರುತ್ತದೆ. ಬೆಳಕು ಎಷ್ಟಿದೆ ಅಂತ ಅದನ್ನು ಕೇಳಿದ್ದಾರೆ, ಅದು ಸರಿಯಾಗಿ ಹೇಳಿದೆ. ದಾರಿ ಕಾಣುತ್ತಿದೆಯೇ ಅಂತ ಅದನ್ನು ಯಾರೂ ಕೇಳಿಲ್ಲ.

ಸ್ವಿಚ್ ತಿರುಗಿಸಿ ಹೆಡ್‌ಲೈಟ್ ಹಾಕಿದೆ. ಗಾಬರಿಯಲ್ಲಿ ಬ್ರೈಟ್ ಹಾಕಿಬಿಟ್ಟೆ, ಎದುರಿಗೆ ಬಿಳಿ ಗೋಡೆ ಎದ್ದು ನಿಂತಿತು. "ಡಿಮ್, ಡಿಮ್" ಅಂತ ಹಿಂದಿನಿಂದ ಹೆಂಡತಿ. ಡಿಮ್ ಮಾಡಿದ ಮೇಲೆ ಗೆರೆ ಮತ್ತೆ ಕಂಡಿತು.

ಒಂದೆರಡು ತಿರುವು ಕಳೆದ ಮೇಲೆ ದೊಡ್ಡಮ್ಮ ಬಾಯಿ ಬಿಟ್ಟರು. "ಹೂ ಇದ್ದಿದ್ರೆ ಉರೀತಿತ್ತಲ್ಲ ಮಗಾ."

ಉರಿಯುತ್ತಿತ್ತು. ಹಿಂದಿನ ಕೆಂಪು ದೀಪವೂ ಸೇರಿ. ನಾನು ರಿಪೇರಿ ಮಾಡಿಸಿಕೊಂಡು ಬಂದಿದ್ದೆ.

ಆಮೇಲೆ ಓದಿ ತಿಳಿದದ್ದು: ಜನರಲ್ ಮೋಟರ್ಸ್‌ನವರು ಎದುರು ಗಾಡಿಯ ಬೆಳಕು ನೋಡಿ ತಾನೇ ಡಿಮ್ ಮಾಡುವ 'ಆಟ್ರಾನಿಕ್ ಐ' ತಂದದ್ದು 1952ರಲ್ಲಿ, ಅದನ್ನೂ ಡ್ಯಾಶ್‌ಬೋರ್ಡ್ ಮೇಲೇ ಕೂರಿಸಿದ್ದರು. ಮುಸ್ಸಂಜೆಗೆ ತಾನೇ ದೀಪ ಹಾಕುವ ಏರ್ಪಾಡು ಕ್ಯಾಡಿಲ್ಯಾಕ್ ಕಾರಿಗೆ ಬಂದದ್ದು 1964ರಲ್ಲಿ. ದೊಡ್ಡಮ್ಮ ಹುಟ್ಟಿದ್ದೂ 1952ರಲ್ಲೇ. ಇಬ್ಬರೂ ಒಂದೇ ವಾರಗೆಯವರು.

ದರ್ಶನ ಮುಗಿಸಿ ಹೊರಟಾಗ ಸ್ವಿಚ್ಚನ್ನು ಆಟೋಗೆ ತಿರುಗಿಸಿ, ಘಾಟಿ ಹತ್ತುವಾಗ ಲೈಟ್ ನೆನಪಿಸಲು ಮರೆಯಬೇಡ ಎಂದು ಮಗಳಿಗೆ ಹೇಳಿಟ್ಟೆ. ಉಜಿರೆ ದಾಟುವಾಗ ಹೊತ್ತು ಮುಳುಗಿತು. ಮೀಟರ್ ಮಂಕಾಯಿತು, ಹಸಿರು ಗುರುತು ಮೂಡಿತು, ಮುಂದಿನ ರಸ್ತೆಯ ಮೇಲೆ ಬೆಳಕು ಬಿತ್ತು. ನಾನು ಯಾವುದನ್ನೂ ಮುಟ್ಟಿರಲಿಲ್ಲ.

"ಈಗ ಹೆಂಗೆ ಹತ್ತಿತು? ಹೂವೇ ಇಲ್ವಲ್ಲ."

ಲಕ್ಸು, ಡಯೋಡು ಎಂದು ಬಿಡಿಸಿ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ. "ದೀಪ ಹಚ್ಚೋ ಹೊತ್ತಾಯ್ತಲ್ಲ ದೊಡ್ಡಮ್ಮ" ಅಂದೆ.

ಅವರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡು, ರಸ್ತೆಯ ಕಡೆ ಕೈ ಮುಗಿದರು.