ಆ ದಿನದ ಕೂಲಿ ಯಾರು ಕೊಡ್ತಾರೆ?

2009ರ ಅಕ್ಟೋಬರ್. ನಾನು ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಚ್‌1ಎನ್‌1 ಫ್ಲೂ ಜಗತ್ತಿಗೆಲ್ಲ ಹಬ್ಬಿದ ಪಿಡುಗು ಎಂದು ವಿಶ್ವ ಆರೋಗ್ಯ ಸಂಸ್ಥೆ ಜೂನ್ 11ರಂದೇ ಸಾರಿತ್ತು. ಕೋಲಾರದಿಂದ ಅಮ್ಮನ ಫೋನು: "ಹಂದಿ ಜ್ವರವಂತೆ, ಹಂದಿ ಇರೋ ಕಡೆ ಹೋಗಬೇಡಪ್ಪಾ." ಹರಡುತ್ತಿದ್ದುದು ಮನುಷ್ಯರಿಂದ ಮನುಷ್ಯರಿಗೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಮೈಕೈ ನೋವು, ಜ್ವರ. ಪ್ಯಾರಾಸಿಟಮಾಲ್ ನುಂಗಿ ಆಫೀಸಿಗೆ ಹೋದೆ. ನಮ್ಮಪ್ಪ ಜ್ವರ ಬಂದರೂ ತಲೆಗೆ ಟವೆಲ್ ಸುತ್ತಿಕೊಂಡು ಎಪಿಎಂಸಿಯ ಟೊಮೆಟೊ ಮಂಡಿಗೆ ಹೋಗುತ್ತಿದ್ದರು. ಅದನ್ನೇ ನಾವು ನಿಯತ್ತು ಅಂತಿದ್ದೆವು.

ನಾನು ಎರಡು ಸಲ ಕೆಮ್ಮಿದ್ದೇ ತಡ, ಮ್ಯಾನೇಜರ್ ಎದ್ದು ಬಂದರು. ಹತ್ತಿರ ಬರಲಿಲ್ಲ, ಬಾಗಿಲಲ್ಲೇ ನಿಂತರು. ಮನೆಗೆ ಹೋಗು ಅಂದರು. ಕೆಲಸವೇ ಹೋಯಿತು ಅಂದುಕೊಂಡೆ! ಆಮೇಲೆ ಬಿಡಿಸಿ ಹೇಳಿದರು: ಮಾತ್ರೆ ತಗೊಳ್ಳದೆ 24 ಗಂಟೆ ಜ್ವರ ಇಲ್ಲದಿದ್ದರೆ ಮಾತ್ರ ವಾಪಸ್ ಬಾ. ಮಾತ್ರೆ ಜ್ವರ ಇಳಿಸುತ್ತೆ ಅಷ್ಟೆ, ಹರಡುವುದನ್ನು ತಡೆಯಲ್ಲ ಅಲ್ವಾ? ಹಾಗೆ ನೋಡಿದರೆ ಜ್ವರ ಕಾಣಿಸುವ ಹಿಂದಿನ ದಿನದಿಂದಲೇ ನಾವು ಅಕ್ಕಪಕ್ಕದವರಿಗೆ ಹಂಚುತ್ತಿರುತ್ತೇವೆ. ಸುಸ್ತಾದ ದಿನವೇ ರಜೆ ಹಾಕಿದರೂ ಸ್ವಲ್ಪ ತಡವಾಗಿಯೇ ಇರುತ್ತೆ. ಅದಕ್ಕೇ 20 ಸೆಕೆಂಡ್ ಸೋಪು ಹಾಕಿ ಕೈ ತೊಳೆಯುವುದು, ಅಂಗೈಗೆ ಬದಲು ಮೊಣಕೈ ಮಡಿಸಿ ಕೆಮ್ಮುವುದು. ಲಸಿಕೆ ಆಗಷ್ಟೇ ಬರುತ್ತಿತ್ತು. ಗರ್ಭಿಣಿಯರು, ಮಕ್ಕಳು ಮೊದಲು.

ನಾಲ್ಕು ದಿನ ಮಲಗಿದೆ. ಸಂಬಳ ಕತ್ತರಿಸಲಿಲ್ಲ. ಅಮೆರಿಕ ಅಂದ್ರೆ ಹೀಗಿರಬೇಕು ಅಂತ ಊರಿಗೆಲ್ಲ ಫೋನ್ ಮಾಡಿ ಹೇಳಿಕೊಂಡೆ.

ವಾಪಸ್ ಹೋದ ಸಂಜೆ ಕೆಲಸಕ್ಕೆ ತಡವಾಗಿ ಕೂತಿದ್ದೆ. ನಮ್ಮ ಟೇಬಲ್ಲು, ಬಾಗಿಲ ಹಿಡಿ, ಫೋನು ಒರೆಸುವ ಗುತ್ತಿಗೆ ಕೆಲಸಗಾರ ಬಂದ. ಕಣ್ಣು ಕೆಂಪಗೆ, ಉಸಿರಿಗೊಂದು ಕೆಮ್ಮು. ರಜೆ ಹಾಕಬಾರದಾ ಅಂದೆ. ಹಾಕಿದರೆ ದುಡ್ಡಿಲ್ಲ ಅಂದ. ಕಾಯಿಲೆಗೆ ಸಂಬಳದ ರಜೆ ಕೊಡಲೇಬೇಕು ಅನ್ನುವ ಕಾನೂನು ಇಡೀ ದೇಶಕ್ಕೆ ಇಲ್ಲಿ ಇಲ್ಲ. ನಮ್ಮನ್ನು ಕಾಪಾಡಲು ಒರೆಸುತ್ತಿದ್ದವನೇ ಜ್ವರದಲ್ಲಿ ಒರೆಸುತ್ತಿದ್ದ. ಗಟ್ಟಿ ಜಾಗದ ಮೇಲೆ ಈ ವೈರಸ್ ಒಂದೆರಡು ದಿನ ಉಳಿಯುತ್ತೆ.

ಅಪ್ಪನ ಮಂಡಿ ಈಗ ತಮ್ಮನದು. ಆ ವಾರ ಅವನಿಗೆ ಫೋನಲ್ಲಿ ದೊಡ್ಡ ಭಾಷಣ ಬಿಗಿದಿದ್ದೆ: ಜ್ವರ ಬಂದ ಹಮಾಲಿಗಳನ್ನು ಮನೆಗೆ ಕಳಿಸು, ನಲ್ಲಿ ಹತ್ತಿರ ಸೋಪಿಡು.

"ಸೋಪಿಡ್ತೀನಣ್ಣಾ. 15 ಕೇಜಿ ಬಾಕ್ಸು ಎತ್ತಿದ್ರೆ ತಾನೇ ಅವರಿಗೆ ದುಡ್ಡು? ಮನೆಗೆ ಹೋಗು ಅಂದ್ರೆ ಆ ದಿನದ ಕೂಲಿ ಯಾರು ಕೊಡ್ತಾರೆ? ನೀನು ಕಳಿಸ್ತೀಯಾ?"

ಫೋನಲ್ಲಿ ಸ್ವಲ್ಪ ಹೊತ್ತು ಇಬ್ಬರೂ ಸುಮ್ನಿದ್ದೆವು. ಕಳಿಸ್ತೀನಿ ಅಂದೆ. ಕಳಿಸಿದೆ ಕೂಡ, ಆ ಚಳಿಗಾಲವೊಂದು. ಮುಂದಿನ ವರ್ಷದಿಂದ ಅವನೇ ಜ್ವರ ಬಂದವರಿಗೆ ಎರಡು ದಿನದ ಕೂಲಿ ಕೊಡಲು ಶುರು ಮಾಡಿದ, ಸಾಲದ ಪುಸ್ತಕಕ್ಕೆ ಬರೆಯದೆ. ಹಮಾಲಿಗಳನ್ನು ಕೆಡಿಸ್ತಿದ್ದೀಯ ಅಂತ ಪಕ್ಕದ ಮಂಡಿಯವರು ಈಗಲೂ ಬೈಯುತ್ತಾರಂತೆ.