ಬಿಳಿ ಮಣಿ ಬೂದಿ ಬಣ್ಣಕ್ಕೆ ತಿರುಗಿದ್ದೇಕೆ: ಹೊಸಬರ ಟಾರ್ಚಿಗೆ ಯಾವ ಅನಿಲ?

ನಾನು ಮಾಡಿದ ಮೊದಲ ಹತ್ತು ಮಣಿಗಳಿಗೂ ಬಳಸಿದ್ದು ಅಚ್ಚ ಬಿಳಿ ಗಾಜಿನ ಕಡ್ಡಿ. ಆದರೆ ಹತ್ತರಲ್ಲಿ ಒಂದೂ ಬಿಳಿಯಾಗಿ ಉಳಿಯಲಿಲ್ಲ. ಕೆಲವು ಒಲೆಯ ಬೂದಿಯ ಬಣ್ಣಕ್ಕೆ ತಿರುಗಿದವು, ಇನ್ನು ಕೆಲವುಗಳ ಮೈಮೇಲೆ ಕಾಡಿಗೆಯ ಬೆರಳು ಎಳೆದಂತೆ ಗೆರೆಗಳು ಬಿದ್ದವು. ಗಾಜೇ ಕಳಪೆಯೆಂದು ತಿಳಿದು ಬೇರೆ ಕಡೆಯಿಂದ ಕಡ್ಡಿಗಳನ್ನು ತರಿಸಿದೆ, ಅವುಗಳ ಗತಿಯೂ ಅದೇ ಆಯಿತು. ತಪ್ಪು ಗಾಜಿನದಲ್ಲ, ಬೆಂಕಿಯದು ಎಂಬುದು ಅರ್ಥವಾಗುವ ಹೊತ್ತಿಗೆ ಬೆಳಗಾವಿಯ ಒಂದು ಇಡೀ ಮಳೆಗಾಲ ಕಳೆದಿತ್ತು. ಈಗ ನಮ್ಮ ಊರಿನವರೇ ಮೂರ್ನಾಲ್ಕು ಜನ ಗಾಜಿನ ಮಣಿ ಮಾಡುವುದನ್ನು ಕಲಿಯಬೇಕೆಂದು ನನ್ನ ಬಳಿ ಬಂದಿದ್ದಾರೆ, ಮತ್ತು ಎಲ್ಲರ ಮೊದಲ ಪ್ರಶ್ನೆಯೂ ಒಂದೇ: ಗಾಜಿನ ಕಡ್ಡಿಯನ್ನು ಕರಗಿಸುವ ಜ್ವಾಲೆಯ ಉಪಕರಣಕ್ಕೆ, ಅಂದರೆ ಟಾರ್ಚಿಗೆ, ಯಾವ ಅನಿಲ ಹಾಕಬೇಕು? ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನಗೆ ವಿಷಯ ಮೊದಲು ಹೊಳೆದದ್ದು ಶಹಾಪುರದ ಒಬ್ಬ ಪತ್ತಾರರ ಅಂಗಡಿಯಲ್ಲಿ. ಅವರು ಕಾಲಿನಿಂದ ತಿದಿಯೊತ್ತಿ, ಅನಿಲಕ್ಕೆ ಗಾಳಿ ಬೆರೆಸಿ, ತಾಳಿಯ ಕೊಂಡಿಗೆ ಬೆಸುಗೆ ಹಾಕುತ್ತಿದ್ದರು. ಜ್ವಾಲೆ ಮೆತ್ತಗೆ, ಅಗಲವಾಗಿ, ತುದಿಯಲ್ಲಿ ತುಸು ಹಳದಿಯಾಗಿ ಇತ್ತು. ಇಷ್ಟು ಹಳದಿ ಯಾಕೆಂದು ಕೇಳಿದಾಗ ಅವರು, ಗಾಳಿ ಹೆಚ್ಚಾದರೆ ಲೋಹ ಕಪ್ಪಾಗುತ್ತದೆ, ಬೆಸುಗೆ ಹರಿಯುವುದಿಲ್ಲ ಎಂದರು. ಅಂದರೆ ಅವರಿಗೆ ಬೇಕಾದದ್ದು ಆಮ್ಲಜನಕ ಸ್ವಲ್ಪ ಕಡಿಮೆಯಿರುವ ಜ್ವಾಲೆ, ಏಕೆಂದರೆ ಅದು ಲೋಹವನ್ನು ಆಕ್ಸೈಡ್ ಆಗದಂತೆ ಕಾಯುತ್ತದೆ. ಗಾಜಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಪೂರ್ತಿ ಉರಿಯದ ಜ್ವಾಲೆಯಲ್ಲಿ ಇಂಗಾಲದ ಕಣಗಳು ಇರುತ್ತವೆ, ಜೊತೆಗೆ ಗಾಜಿನೊಳಗಿನ ಲೋಹದ ಆಕ್ಸೈಡುಗಳಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವ ಗುಣವೂ ಇರುತ್ತದೆ. ಹಾಗಾಗಿ ಬಿಳಿ ಗಾಜು ಬೂದಿಯಾಗುತ್ತದೆ, ಪಾರದರ್ಶಕ ಗಾಜಿನಲ್ಲಿ ಹೊಗೆ ಕಟ್ಟುತ್ತದೆ, ತಾಮ್ರದಿಂದ ಬಣ್ಣ ಪಡೆದ ನೀಲಿ-ಹಸಿರು ಗಾಜಿನ ಮೇಲೆ ಇಟ್ಟಿಗೆಗೆಂಪಿನ ಪೊರೆ ಏಳುತ್ತದೆ. ಒಂದೇ ಕಡ್ಡಿಯಿಂದ ಎರಡು ಬಗೆಯ ಜ್ವಾಲೆಯಲ್ಲಿ ಮಾಡಿದ ಎರಡು ಮಣಿಗಳನ್ನು ನಾನು ಒಂದೇ ದಾರದಲ್ಲಿ ಪೋಣಿಸಿಟ್ಟಿದ್ದೇನೆ. ಒಂದು ನವಿಲುಗರಿಯ ಬಣ್ಣದ್ದು, ಇನ್ನೊಂದು ತುಕ್ಕು ಹಿಡಿದ ಮೊಳೆಯಂಥದ್ದು. ಕಲಿಯಲು ಬಂದವರಿಗೆ ಮೊದಲು ತೋರಿಸುವುದು ಅದನ್ನೇ.

ಆದ್ದರಿಂದ ಯಾವ ಅನಿಲ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯಿದೆ, ಆಮ್ಲಜನಕ ಎಲ್ಲಿಂದ ಎಂಬುದು. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ದೊಡ್ಡದು. ನಮ್ಮ ಅಡುಗೆ ಅನಿಲದಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್. ಒಂದು ಪಾಲು ಪ್ರೊಪೇನ್ ಪೂರ್ತಿಯಾಗಿ ಉರಿಯಲು ಐದು ಪಾಲು ಆಮ್ಲಜನಕ ಬೇಕು. ಬ್ಯುಟೇನ್ ಆದರೆ ಆರೂವರೆ ಪಾಲು. ಗಾಳಿಯಲ್ಲಿ ಆಮ್ಲಜನಕ ಇರುವುದು ಶೇಕಡಾ 21 ಮಾತ್ರ, ಆದ್ದರಿಂದ ಅದೇ ಒಂದು ಪಾಲು ಪ್ರೊಪೇನಿಗೆ ಸುಮಾರು 24 ಪಾಲು ಗಾಳಿಯನ್ನು ಎಳೆದು ತರಬೇಕಾಗುತ್ತದೆ, ಮತ್ತು ಅದರ ಜೊತೆಗೆ ಬಂದ ಸಾರಜನಕವನ್ನೆಲ್ಲ ಸುಮ್ಮನೆ ಕಾಯಿಸಬೇಕಾಗುತ್ತದೆ. ಪ್ರೊಪೇನ್ ಗಾಳಿಯಲ್ಲಿ ಉರಿದರೆ ಜ್ವಾಲೆಯ ಗರಿಷ್ಠ ತಾಪ ಸುಮಾರು 1,980 ಡಿಗ್ರಿ ಸೆಲ್ಸಿಯಸ್, ಶುದ್ಧ ಆಮ್ಲಜನಕದಲ್ಲಿ ಉರಿದರೆ ಸುಮಾರು 2,800. ಮಣಿಗೆ ಬಳಸುವ ಸೋಡಾ-ಸುಣ್ಣದ ಮೆತ್ತನೆಯ ಗಾಜು 700 ಡಿಗ್ರಿಯ ಆಸುಪಾಸಿನಲ್ಲಿಯೇ ಸಡಿಲಗೊಳ್ಳುತ್ತದೆ, ಹಾಗಾಗಿ ಗಾಳಿಯ ಜ್ವಾಲೆಯೂ ಅದನ್ನು ಕರಗಿಸಬಲ್ಲದು. ಈ ಕೆಲಸಕ್ಕೆ ಲ್ಯಾಂಪ್‌ವರ್ಕ್ ಎಂಬ ಹೆಸರು ಬಂದದ್ದೇ ಹಿಂದಿನವರು ಎಣ್ಣೆದೀಪದ ಕುಡಿಗೆ ತಿದಿಯಿಂದ ಗಾಳಿಯೂದಿ ಗಾಜು ಕರಗಿಸುತ್ತಿದ್ದುದರಿಂದ. ಆದರೆ ಗಾಳಿಯ ಜ್ವಾಲೆ ನಿಧಾನ, ಮತ್ತು ಅದನ್ನು ಸ್ವಚ್ಛವಾಗಿ ಇಟ್ಟುಕೊಳ್ಳುವುದು ಹೊಸ ಕೈಗೆ ಕಷ್ಟ.

ಹೊಸಬರು ಕೊಳ್ಳುವ ಟಾರ್ಚುಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಒಂದೇ ಅನಿಲದ್ದು, ಹಾಟ್ ಹೆಡ್ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು. ಅದರ ಕುತ್ತಿಗೆಯ ರಂಧ್ರಗಳ ಮೂಲಕ ಗಾಳಿ ತಾನಾಗಿ ಒಳಸೇರುತ್ತದೆ. ಎರಡನೆಯದಕ್ಕೆ ಅನಿಲ ಮತ್ತು ಆಮ್ಲಜನಕ ಬೇರೆ ಬೇರೆ ಕೊಳವೆಗಳಲ್ಲಿ ಬಂದು, ಟಾರ್ಚಿನ ಮುಖದ ಹೊರಗೆ ಬೆರೆತು ಉರಿಯುತ್ತವೆ. ಒಳಗೆ ಬೆರೆಯದ ಕಾರಣ ಜ್ವಾಲೆ ಕೊಳವೆಯೊಳಕ್ಕೆ ಹಿಂದೆ ಸರಿಯುವ ಭಯ ಇದರಲ್ಲಿ ಕಡಿಮೆ. ಹಾಗೆಂದು ಎರಡೂ ಕೊಳವೆಗಳಿಗೆ ಜ್ವಾಲೆತಡೆ ಕವಾಟ ಹಾಕುವುದನ್ನು ಬಿಡಬಾರದು.

ನಾನು ಆರಂಭಿಸಿದ್ದು ಒಂದೇ ಅನಿಲದ ಟಾರ್ಚಿನಿಂದ. ಹೊರದೇಶದ ಪುಸ್ತಕಗಳೆಲ್ಲ ಅದಕ್ಕೆ ಮ್ಯಾಪ್ ಎಂಬ ಬೆಸುಗೆಯ ಅನಿಲವನ್ನು ಹೇಳುತ್ತವೆ. ಮೂಲ ಮ್ಯಾಪ್ ಅನಿಲದ ತಯಾರಿಕೆ ಉತ್ತರ ಅಮೆರಿಕದಲ್ಲಿ 2008ರಲ್ಲಿಯೇ ನಿಂತಿದೆ. ಈಗ ಹಳದಿ ಡಬ್ಬಿಯಲ್ಲಿ ಮ್ಯಾಪ್-ಪ್ರೊ ಎಂದು ಬರುವುದು ಹೆಚ್ಚು ಕಡಿಮೆ ಪ್ರೊಪಿಲೀನ್. ಅದು ಪ್ರೊಪೇನಿಗಿಂತ ತುಸು ಬಿಸಿಯಾಗಿ ಉರಿಯುವುದು ನಿಜ. ಆನ್‌ಲೈನಿನಲ್ಲಿ ತರಿಸಿದ ಸುಮಾರು 400 ಗ್ರಾಂ ಡಬ್ಬಿ ನನಗೆ ನಾಲ್ಕು ಗಂಟೆಯ ಕೆಲಸಕ್ಕೆ ಬಂದಿತು. ಅದರಲ್ಲಿಯೂ ಕೊನೆಯ ಒಂದು ಗಂಟೆ ಡಬ್ಬಿ ತಣ್ಣಗಾಗಿ, ಒತ್ತಡ ಇಳಿದು, ಜ್ವಾಲೆ ಸೊರಗಿ, ಗಾಜು ಕರಗುವುದನ್ನು ಕಾಯುವುದರಲ್ಲಿಯೇ ಕಳೆಯಿತು. ಡಬ್ಬಿಯನ್ನು ಮತ್ತೆ ತುಂಬುವಂತಿಲ್ಲ, ಮುಂದಿನದು ಬರಲು ಹತ್ತು ದಿನ. ಕಲಿಯುವವನಿಗೆ ಬೇಕಾದದ್ದು ಪ್ರತಿದಿನ ಅರ್ಧ ಗಂಟೆಯಾದರೂ ಕೈ ತಿದ್ದುವ ಅವಕಾಶ. ಅನಿಲ ಮುಗಿದೀತೆಂಬ ಅಂಜಿಕೆಯಲ್ಲಿ ಕುಳಿತವನ ಕೈ ಪಳಗುವುದಿಲ್ಲ. ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ವೆಲ್ಡಿಂಗ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಅಸಿಟಿಲೀನ್ ಬಗ್ಗೆಯೂ ಕೇಳುತ್ತಾರೆ. ಅದು ಬೇಡ. ಅದರ ಜ್ವಾಲೆ ಅತಿ ಬಿಸಿ ಮತ್ತು ಮಸಿ ಹೆಚ್ಚು, ಗಾಜು ಕುದಿದು ಕೊಳೆಯಾಗುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಸ್ವಚ್ಛವಾಗಿ ಉರಿಯುತ್ತದೆಯಾದರೂ ಮನೆಯ ಸಂಪರ್ಕದಲ್ಲಿ ಅದರ ಒತ್ತಡ ಅಡುಗೆಯ ಒಲೆಗಷ್ಟೇ ಸಾಕು, ಟಾರ್ಚಿಗೆ ಸಾಲದು.

ಹಾಗಾಗಿ ಉಳಿಯುವುದು ನಮ್ಮ ಎಲ್‌ಪಿಜಿ, ಮತ್ತು ನಾನು ಮನಸ್ಸಿನಿಂದ ಶಿಫಾರಸು ಮಾಡುವುದೂ ಅದನ್ನೇ. ಅಮೆರಿಕದ ಪುಸ್ತಕಗಳು ಹೇಳುವ ಪ್ರೊಪೇನಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ನಮ್ಮದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲಿ ಆವಿಯಾಗುತ್ತದೆ, ಬ್ಯುಟೇನ್ ಸುಮಾರು ಮೈನಸ್ ಅರ್ಧ ಡಿಗ್ರಿಯಲ್ಲಿ. ಸಿಲಿಂಡರ್ ಬಳಸುತ್ತ ಹೋದಂತೆ ಪ್ರೊಪೇನ್ ಹೆಚ್ಚಾಗಿ ಮೊದಲು ಹೊರಟುಹೋಗಿ, ತಳದಲ್ಲಿ ಬ್ಯುಟೇನ್ ಹೆಚ್ಚಿರುವ ದ್ರವ ಉಳಿಯುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಪುಷ್ಯ ಮಾಸದ ಬೆಳಗಿನಲ್ಲಿ ಇಲ್ಲಿ ಚಳಿ ಚೆನ್ನಾಗಿಯೇ ಇರುತ್ತದೆ. ಅಂಥ ಬೆಳಗಿನಲ್ಲಿ, ಸಿಲಿಂಡರ್ ಕಾಲು ಭಾಗಕ್ಕೆ ಇಳಿದಿದ್ದರೆ, ಒತ್ತಡ ಕುಗ್ಗಿ ಜ್ವಾಲೆ ಗಿಡ್ಡವಾಗುವುದನ್ನು ನಾನು ಕಂಡಿದ್ದೇನೆ. ಆಗ ಮಾಡಬೇಕಾದದ್ದು ಬಿಸಿಲು ಏರುವವರೆಗೆ ಕಾಯುವುದು. ಸಿಲಿಂಡರನ್ನು ಬೆಂಕಿಯಿಂದ ಕಾಯಿಸುವ ಅಥವಾ ಅನಿಲ ಬರಲೆಂದು ಅಡ್ಡ ಮಲಗಿಸುವ ಕೆಲಸವನ್ನು ಯಾವ ಕಾರಣಕ್ಕೂ ಮಾಡಬಾರದು. ಅಡ್ಡ ಮಲಗಿಸಿದರೆ ಆವಿಯ ಬದಲು ದ್ರವವೇ ಕೊಳವೆಗೆ ಬರುತ್ತದೆ.

ಸಿಲಿಂಡರಿನ ಆಯ್ಕೆಯಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಡುಗೆಮನೆಯ 14.2 ಕೆಜಿಯ ಕೆಂಪು ಸಿಲಿಂಡರ್ ಅಡುಗೆಗೆ ಮಾತ್ರ. ಅದನ್ನು ಬೇರೆ ಕೆಲಸಕ್ಕೆ ಬಳಸುವುದನ್ನು 2000ದ ಎಲ್‌ಪಿಜಿ ಸರಬರಾಜು ಆದೇಶ ನಿಷೇಧಿಸುತ್ತದೆ. ನನ್ನ ಕಣ್ಣೂ ಮೊದಲು ಅದರ ಮೇಲೆಯೇ ಬಿದ್ದಿತ್ತು. ಕಾನೂನು ಹಾಗಿರಲಿ, ಅದರ ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು 30 ಮಿಲಿಬಾರ್ ಮಾತ್ರ, ಆಮ್ಲಜನಕದ ಸಣ್ಣ ಟಾರ್ಚಿಗೆ ಬೇಕಾದದ್ದು 200ರಿಂದ 350 ಮಿಲಿಬಾರ್. ಒಂದೇ ಅನಿಲದ ಟಾರ್ಚಿಗೆ ಇನ್ನೂ ಹೆಚ್ಚು ಬೇಕು. ಆದ್ದರಿಂದ 19 ಕೆಜಿಯ ವಾಣಿಜ್ಯ ಸಿಲಿಂಡರ್ ಅಥವಾ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ ಪಡೆಯಬಹುದಾದ 5 ಕೆಜಿಯ ಸಿಲಿಂಡರ್, ಮತ್ತು ಒತ್ತಡವನ್ನು ಹೊಂದಿಸಬಹುದಾದ, ಮಾಪಕವಿರುವ ಹೈ-ಪ್ರೆಶರ್ ರೆಗ್ಯುಲೇಟರ್ ಇವೇ ಸರಿಯಾದ ದಾರಿ. ಕೊಳವೆ ಎಲ್‌ಪಿಜಿಗೆಂದೇ ತಯಾರಾದದ್ದು, ಐಎಸ್ 9573 ಗುರುತು ಇರುವುದು ಆಗಿರಬೇಕು; ಸಾಧಾರಣ ರಬ್ಬರನ್ನು ಈ ಅನಿಲ ಮೆಲ್ಲಗೆ ಹಾಳುಮಾಡುತ್ತದೆ. ಹೊಸಬರಿಗೆ 5 ಕೆಜಿಯದೇ ಸಾಕೆಂದು ನಾನು ಲೆಕ್ಕ ಮಾಡಿ ಹೇಳುತ್ತೇನೆ. ಹೊಸಬರ ಟಾರ್ಚಿಗೆ ಸಾಕಾಗುವ, ನಿಮಿಷಕ್ಕೆ ಐದು ಲೀಟರ್ ಆಮ್ಲಜನಕದ ಜೊತೆ ಪೂರ್ತಿ ಉರಿಯುವ ಎಲ್‌ಪಿಜಿ ಗಂಟೆಗೆ ಸುಮಾರು 110 ಗ್ರಾಂ. ಸುತ್ತಲಿನ ಗಾಳಿಯೂ ಸೇರುವುದರಿಂದ ನಿಜವಾದ ಬಳಕೆ ತುಸು ಹೆಚ್ಚು. ನಾನು ಪ್ರತಿ ಭಾನುವಾರ ಸಿಲಿಂಡರನ್ನು ತೂಗಿ ಬರೆದಿಟ್ಟ ಪ್ರಕಾರ ಗಂಟೆಗೆ 120ರಿಂದ 150 ಗ್ರಾಂ ಖರ್ಚಾಗಿದೆ. ಅಂದರೆ ಒಂದು ಸಣ್ಣ ಸಿಲಿಂಡರಿನಲ್ಲಿ 30 ಗಂಟೆಗೂ ಮೀರಿ ಕೆಲಸ ನಡೆಯುತ್ತದೆ.

ಇನ್ನು ಆಮ್ಲಜನಕ. ಉದ್ಯಮಬಾಗದಲ್ಲಿ ಫೌಂಡ್ರಿಗಳೂ ವರ್ಕ್‌ಶಾಪುಗಳೂ ತುಂಬಿರುವ ಕಾರಣ ಕಪ್ಪು ಬಣ್ಣದ ಆಮ್ಲಜನಕದ ಸಿಲಿಂಡರ್ ನಮ್ಮ ಊರಿನಲ್ಲಿ ದುರ್ಲಭವಲ್ಲ. 7 ಘನಮೀಟರಿನ ಒಂದು ದೊಡ್ಡ ಸಿಲಿಂಡರ್ ನಿಮಿಷಕ್ಕೆ ಐದು ಲೀಟರಿನಂತೆ 23 ಗಂಟೆ ಬರುತ್ತದೆ, ಅದರ ಜ್ವಾಲೆಯ ಶುದ್ಧತೆಗೆ ಸಾಟಿಯಿಲ್ಲ. ಆದರೆ ಅದು ಆಳೆತ್ತರದ್ದು, ತುಂಬಿದಾಗ ಒಳಗಿನ ಒತ್ತಡ ಗಾಳಿಯ ಒತ್ತಡದ ಸುಮಾರು 150 ಪಟ್ಟು; ಗೋಡೆಗೆ ಸರಪಳಿಯಿಂದ ಬಿಗಿದು ನಿಲ್ಲಿಸಬೇಕು, ಕವಾಟಕ್ಕಾಗಲಿ ರೆಗ್ಯುಲೇಟರಿಗಾಗಲಿ ಎಣ್ಣೆಯ ಕೈ ಕೂಡ ತಾಗಬಾರದು, ಏಕೆಂದರೆ ಅಷ್ಟು ಒತ್ತಡದ ಆಮ್ಲಜನಕದಲ್ಲಿ ಎಣ್ಣೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಮಕ್ಕಳಿರುವ ಮನೆಯಲ್ಲಿ ಇದನ್ನಿಡಲು ನನಗೆ ಮನಸ್ಸಾಗಲಿಲ್ಲ.

ನಾನು ಆರಿಸಿಕೊಂಡದ್ದು ಕಾನ್ಸಂಟ್ರೇಟರ್. 2021ರಲ್ಲಿ ಎರಡನೆಯ ಅಲೆಯ ಹೊತ್ತಿಗೆ ಈ ಯಂತ್ರದ ಹೆಸರು ನಮ್ಮೆಲ್ಲರ ಬಾಯಿಗೆ ಬಂದದ್ದು ಯಾವ ಸಂಕಟದಲ್ಲಿ ಎಂಬುದು ಯಾರಿಗೂ ಮರೆತಿಲ್ಲ. ಅದನ್ನು ಹವ್ಯಾಸಕ್ಕೆ ಬಳಸುವಾಗ ನನಗೆ ಇಂದಿಗೂ ಒಂದು ಅಳುಕಿದೆ, ಮತ್ತು ಯಾರಿಗಾದರೂ ಉಸಿರಿಗೆ ಬೇಕಾದರೆ ಕೂಡಲೇ ಒಯ್ಯಿರೆಂದು ಓಣಿಯಲ್ಲಿ ಹೇಳಿಟ್ಟಿದ್ದೇನೆ. ಯಂತ್ರ ಮಾಡುವ ಕೆಲಸ ಸರಳ. ಗಾಳಿಯನ್ನು ಒತ್ತಿ ಜಿಯೋಲೈಟ್ ಹರಳುಗಳ ಮೂಲಕ ಹಾಯಿಸುತ್ತದೆ, ಸಾರಜನಕ ಹರಳಿಗೆ ಅಂಟಿ ಉಳಿಯುತ್ತದೆ, ಹೊರಬರುವ ಗಾಳಿಯಲ್ಲಿ ಶೇಕಡಾ 93ರಷ್ಟು ಆಮ್ಲಜನಕವಿರುತ್ತದೆ. ಐದು ಲೀಟರಿನ ಯಂತ್ರ ಹೊಸಬರ ಟಾರ್ಚಿಗೆ ಸಾಕು. ನಾನು ಮೊದಲು ಕೊಂಡದ್ದು ಒಬ್ಬರು ಬಳಸಿ ಬಿಟ್ಟದ್ದನ್ನು. ಹರಿವಿನ ಗೋಲಿ ಐದರ ಗೆರೆಯಲ್ಲಿ ನಿಂತಿದ್ದರೂ ಜ್ವಾಲೆಯ ತುದಿ ಹಳದಿಯಾಗಿಯೇ ಉಳಿಯುತ್ತಿತ್ತು. ಅಳೆಸಿ ನೋಡಿದಾಗ ಆಮ್ಲಜನಕ ಶೇಕಡಾ 70ನ್ನೂ ಮುಟ್ಟಿರಲಿಲ್ಲ. ಜಿಯೋಲೈಟ್ ತೇವವನ್ನು ಬಲವಾಗಿ ಹೀರಿಕೊಳ್ಳುತ್ತದೆ, ತೇವ ಹೀರಿದ ಹರಳು ಸಾರಜನಕವನ್ನು ಹಿಡಿಯಲಾರದು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ, ತಿಂಗಳುಗಟ್ಟಲೆ ಮೂಲೆಯಲ್ಲಿ ಕುಳಿತ ಯಂತ್ರಕ್ಕೆ ಇದೇ ಆಗುವುದು. ಹಳೆಯದನ್ನು ಕೊಳ್ಳುವವರು ಹರಿವನ್ನಲ್ಲ, ಶುದ್ಧತೆಯನ್ನು ಅಳೆಸಿಯೇ ದುಡ್ಡು ಕೊಡಬೇಕು. ಕೊಂಡ ಮೇಲೆ ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಅದನ್ನು ಓಡಿಸಬೇಕು. ಕರೆಂಟು ಹೋದರೆ ಯಂತ್ರ ನಿಂತು ಜ್ವಾಲೆ ಒಮ್ಮೆಲೇ ಹಳದಿಯಾಗುತ್ತದೆ, ಕೈಯಲ್ಲಿರುವ ಮಣಿ ಆರಿ ಬಿರುಕು ಬಿಡುತ್ತದೆ. ಯಂತ್ರಕ್ಕೆ ಬೇಕಾದದ್ದು ಸುಮಾರು 350 ವ್ಯಾಟ್, ಅದನ್ನು ಮನೆಯ ಇನ್ವರ್ಟರಿಗೆ ಜೋಡಿಸಿದ ಮೇಲೆ ಆ ನಷ್ಟ ನಿಂತಿತು.

ಹೆಚ್ಚು ಶಾಖ ತಡೆಯುವ ಬೋರೊಸಿಲಿಕೇಟ್ ಗಾಜಿನಿಂದ ಆರಂಭಿಸುತ್ತೇವೆ ಎನ್ನುವವರಿಗೆ ಈ ಏರ್ಪಾಡು ಸಾಲದು. ಅದು ಸಡಿಲಗೊಳ್ಳುವುದೇ 820 ಡಿಗ್ರಿಯ ಸುಮಾರಿಗೆ, ಕೆಲಸ ಮಾಡಲು ಇನ್ನೂ ಬಹಳ ಬಿಸಿ ಬೇಕು.

ಸಿಲಿಂಡರ್ ಇಡುವ ಜಾಗವೂ ಅನಿಲದ ಆಯ್ಕೆಯ ಭಾಗವೇ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ನೀರಿನಂತೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ಶೇಕಡಾ ಎರಡರಷ್ಟು ಸೇರಿದರೂ ಹೊತ್ತಿಕೊಳ್ಳಲು ಸಾಕು. ನಾನು ಸಿಲಿಂಡರನ್ನು ಹಿತ್ತಲಿನ ಕಟ್ಟೆಯ ಮೇಲೆ, ಗೋಡೆಯ ಆಚೆ ನಿಲ್ಲಿಸಿ, ಕೊಳವೆಯನ್ನು ಮಾತ್ರ ಒಳಗೆ ತಂದಿದ್ದೇನೆ. ಕೋಣೆಯ ಬಾಗಿಲಿನ ಅಡಿಯ ಸಂದನ್ನು ಮುಚ್ಚಿಲ್ಲ, ಟಾರ್ಚಿನ ಮೇಲೆ ಹೊರಕ್ಕೆ ಗಾಳಿಯೆಳೆಯುವ ಫ್ಯಾನು ಇದೆ. ಪ್ರತಿ ಸಲ ಸಿಲಿಂಡರ್ ಬದಲಿಸಿದಾಗ ಎಲ್ಲ ಜೋಡಣೆಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತೇನೆ.

ಹೊತ್ತಿಸುವಾಗ ಮೊದಲು ಅನಿಲ, ಆಮೇಲೆ ಆಮ್ಲಜನಕ. ಹಳದಿ ಪೂರ್ತಿ ಹೋಗಿ, ಟಾರ್ಚಿನ ಮುಖದ ಪ್ರತಿ ರಂಧ್ರದಲ್ಲಿಯೂ ಚೂಪಾದ ಸಣ್ಣ ನೀಲಿ ಮೊಗ್ಗು ಕಾಣುವವರೆಗೆ ಆಮ್ಲಜನಕವನ್ನು ಏರಿಸಬೇಕು. ಬಿಳಿ ಗಾಜಿಗೆ ನಾನು ಇನ್ನೂ ಒಂದು ಕೂದಲೆಳೆಯಷ್ಟು ಹೆಚ್ಚು ಕೊಡುತ್ತೇನೆ, ಮತ್ತು ಗಾಜನ್ನು ಆ ಮೊಗ್ಗುಗಳ ಬಳಿ ಒಯ್ಯದೆ ನಾಲ್ಕು ಬೆರಳು ದೂರದಲ್ಲಿ ಹಿಡಿಯುತ್ತೇನೆ. ಆರಿಸುವಾಗ ಮೊದಲು ಟಾರ್ಚಿನ ಆಮ್ಲಜನಕವನ್ನು ಮುಚ್ಚಿ, ಬಳಿಕ ಹಿತ್ತಲಿಗೆ ಹೋಗಿ ಸಿಲಿಂಡರಿನ ಕವಾಟವನ್ನು ಮುಚ್ಚುವುದು ನನ್ನ ಪದ್ಧತಿ. ಅಷ್ಟು ಹೊತ್ತು ಟಾರ್ಚಿನ ಬಳಿ ಇನ್ನೊಬ್ಬರು ಇರುತ್ತಾರೆ. ಕೊಳವೆಯಲ್ಲಿ ಉಳಿದ ಅನಿಲ ಉರಿದು ಮುಗಿದು, ಜ್ವಾಲೆ ಕುಗ್ಗಿ ತಾನಾಗಿ ಆರಿದ ಮೇಲೆಯೇ ಟಾರ್ಚಿನ ಅನಿಲದ ತಿರುಪನ್ನು ಮುಚ್ಚುತ್ತೇವೆ.